ಮಕ್ಕಳ ಹೊಟ್ಟೆಯ ಹುಣ್ಣು ಮತ್ತು ಎಚ್. ಪೈಲೊರಿ: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯೆಯ ಉತ್ತರ

ಕಳೆದ ಎರಡು ತಿಂಗಳಲ್ಲಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಆರು ಪತ್ರಗಳು ಹೆಚ್ಚುಕಡಿಮೆ ಒಂದೇ ಚಿಂತೆಯಿಂದ ಬರೆದಂಥವು. ಮಗುವಿಗೆ ಹೊಟ್ಟೆನೋವು, ಪ್ರಯೋಗಾಲಯದ ವರದಿಯಲ್ಲಿ ಎಚ್. ಪೈಲೊರಿ ಎಂಬ ಬ್ಯಾಕ್ಟೀರಿಯಾದ ಹೆಸರು, ಅದರಿಂದ ಮನೆಮಂದಿಗೆಲ್ಲ ಗಾಬರಿ. ಈ ಸಂಚಿಕೆಯ ಪುಟಗಳನ್ನೆಲ್ಲ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ, ಒಂಬತ್ತನೆಯ ತರಗತಿ. ಐದು ತಿಂಗಳಿಂದ ಎದೆಗೂಡಿನ ಕೆಳಗೆ, ಹೊಕ್ಕುಳಿಗಿಂತ ಮೇಲೆ ಉರಿ ಮತ್ತು ನೋವು ಎನ್ನುತ್ತಿದ್ದಾನೆ. ರಾತ್ರಿ ಎರಡು ಗಂಟೆಗೆ ಎದ್ದು ಹೊಟ್ಟೆ ಹಿಡಿದುಕೊಂಡು ಕೂರುತ್ತಾನೆ. ಎರಡು ಬಿಸ್ಕತ್ತು, ಅರ್ಧ ಲೋಟ ಹಾಲು ಕೊಟ್ಟರೆ ತಗ್ಗುತ್ತದೆ. ಔಷಧಿ ಅಂಗಡಿಯಲ್ಲಿ ಕೊಟ್ಟ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದಷ್ಟು ದಿನ ಚೆನ್ನಾಗಿರುತ್ತಾನೆ, ಬಿಟ್ಟರೆ ಮತ್ತೆ ಅದೇ ಕಥೆ. ರಕ್ತ ಪರೀಕ್ಷೆಯಲ್ಲಿ ಎಚ್. ಪೈಲೊರಿ ಪಾಸಿಟಿವ್ ಎಂದು ಬಂದಿದೆ. ಸಂಜೆ ಗೆಳೆಯರ ಜೊತೆ ಮಂಡಕ್ಕಿ-ಮಿರ್ಚಿ ತಿಂದೇ ಹೀಗಾಯಿತೆಂದು ಮನೆಯಲ್ಲಿ ಎಲ್ಲರೂ ಅವನನ್ನು ಬೈಯುತ್ತಾರೆ. ನಮ್ಮ ಮಾವನವರಿಗೂ ಹಿಂದೆ ಹೊಟ್ಟೆ ಹುಣ್ಣಿನ ಆಪರೇಷನ್ ಆಗಿತ್ತು. ಇವನಿಗೂ ಹುಣ್ಣಾಗಿದೆಯೇ?
– ಒಬ್ಬ ತಾಯಿ, ಹರಿಹರ

ಉತ್ತರ: ಅಮ್ಮಾ, ಮೊದಲು ಮನೆಯವರು ಆ ಹುಡುಗನನ್ನು ಬೈಯುವುದನ್ನು ನಿಲ್ಲಿಸಲಿ. ಮಿರ್ಚಿಯಿಂದ ಹುಣ್ಣಾಗುವುದಿಲ್ಲ. ಹುಣ್ಣು ಮೊದಲೇ ಇದ್ದವರಿಗೆ ಖಾರ ಮತ್ತು ಕರಿದ ತಿಂಡಿ ಉರಿಯನ್ನು ಹೆಚ್ಚಿಸಬಹುದು, ಆದ್ದರಿಂದ ವಾಸಿಯಾಗುವವರೆಗೆ ತನಗೆ ಒಗ್ಗದ್ದನ್ನು ಅವನು ಬಿಟ್ಟರೆ ಸಾಕು. ಸಂಜೆಯಾದರೆ ದಾವಣಗೆರೆಯ ಗಾಡಿಗಳ ಮುಂದೆ ನಿಂತು ಮಿರ್ಚಿ ತಿನ್ನುವ ಮಕ್ಕಳೆಷ್ಟು! ಅವರಲ್ಲಿ ಹುಣ್ಣಾಗುವವರು ತೀರ ವಿರಳ. ತಿಂದ ತಪ್ಪಿಗೆ ನೋವು ಅನುಭವಿಸುತ್ತಿದ್ದೇನೆ ಎಂದು ನಂಬಿದ ಮಗು ಮುಂದೆ ನೋವನ್ನೇ ಮುಚ್ಚಿಡುತ್ತದೆ. ಅದು ಹುಣ್ಣಿಗಿಂತ ಅಪಾಯಕಾರಿ.

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ನೋವು ಹೊಕ್ಕುಳಿಗಿಂತ ಮೇಲೆ ಒಂದೇ ಕಡೆ ಇದೆ, ಗಾಢ ನಿದ್ದೆಯಿಂದ ಎಬ್ಬಿಸುತ್ತದೆ, ಏನಾದರೂ ತಿಂದರೆ ತಗ್ಗಿ ಹೊಟ್ಟೆ ಖಾಲಿಯಾದಾಗ ಮರಳುತ್ತದೆ, ಮನೆತನದಲ್ಲಿ ಹುಣ್ಣಿನ ಕಾಯಿಲೆ ಇದ್ದದ್ದೂ ಹೌದು. ಜಠರದಿಂದ ಆಹಾರ ಇಳಿಯುವ ಸಣ್ಣಕರುಳಿನ ಮೊದಲ ಭಾಗಕ್ಕೆ ಡ್ಯುಯೋಡಿನಮ್ ಎನ್ನುತ್ತಾರೆ; ಅಲ್ಲಿ ಹುಣ್ಣಾದಾಗ ಈ ಲಕ್ಷಣಗಳು ಒಟ್ಟಾಗಿ ಕಾಣಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಹುಣ್ಣು ಅಪರೂಪವೆಂಬುದು ನಿಜ, ಆದರೆ ಹತ್ತು ವರ್ಷ ದಾಟಿದ ಹುಡುಗನಲ್ಲಿ ಇಂಥ ನೋವು ಐದು ತಿಂಗಳು ಉಳಿದಿರುವಾಗ ಅಪರೂಪವೆಂದು ಕೈಬಿಡಲಾಗದು. ಪತ್ರವನ್ನಷ್ಟೇ ಓದಿ ಹುಣ್ಣಾಗಿದೆ ಎಂದು ನಾನು ಹೇಳಲಾರೆ, ಪರೀಕ್ಷೆ ಮಾಡಿಸಬೇಕು ಎಂದು ಖಂಡಿತವಾಗಿ ಹೇಳಬಲ್ಲೆ.

ನಿಮ್ಮ ಮಾವನವರ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ನೆನಪಿಸುತ್ತೇನೆ. ನಮ್ಮ ಹಿಂದಿನ ತಲೆಮಾರಿನ ಅನೇಕರ ಹೊಟ್ಟೆಯ ಮೇಲೆ ಉದ್ದನೆಯ ಹೊಲಿಗೆಯ ಗೀರನ್ನು ನೀವು ನೋಡಿರಬಹುದು. ಆಗ ಹುಣ್ಣಿಗೆ ಆಮ್ಲ, ಖಾರ ಮತ್ತು ಮನಸ್ಸಿನ ಚಿಂತೆಯೇ ಕಾರಣವೆಂದು ವೈದ್ಯರೂ ನಂಬಿದ್ದರು; ಹುಣ್ಣು ಮರುಕಳಿಸಿ ಜಠರದ ಬಾಯಿ ಕಟ್ಟಿಕೊಂಡಾಗ ಕೊಯ್ಯದೆ ದಾರಿ ಇರಲಿಲ್ಲ. ಆಸ್ಟ್ರೇಲಿಯಾದ ಪರ್ತ್ ನಗರದ ರಾಬಿನ್ ವಾರೆನ್ ಎಂಬ ರೋಗನಿದಾನ ತಜ್ಞರು ಇಂಥವರ ಜಠರದ ಒಳಪದರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳನ್ನು ಕಂಡರು. 1982ರಲ್ಲಿ ಬ್ಯಾರಿ ಮಾರ್ಷಲ್ ಎಂಬ ಯುವ ವೈದ್ಯರು ಅವುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಯತ್ನಿಸಿದಾಗ ಹಲವು ಬಾರಿ ಏನೂ ಬೆಳೆಯಲಿಲ್ಲ. ಈಸ್ಟರ್ ರಜೆಯಿಂದಾಗಿ ಎಂದಿಗಿಂತ ಹೆಚ್ಚು ದಿನ ಉಳಿದ ತಟ್ಟೆಯಲ್ಲಿ ಅವು ಕಾಣಿಸಿಕೊಂಡವು. ಈ ಬ್ಯಾಕ್ಟೀರಿಯಾ ಅಷ್ಟು ನಿಧಾನವಾಗಿ ಬೆಳೆಯುತ್ತದೆ. 1984ರಲ್ಲಿ ಮಾರ್ಷಲ್ ತಾವೇ ಆ ಬ್ಯಾಕ್ಟೀರಿಯಾ ಬೆರೆತ ದ್ರವವನ್ನು ಕುಡಿದು, ಕೆಲವೇ ದಿನಗಳಲ್ಲಿ ಜಠರದ ಉರಿಯೂತಕ್ಕೆ ತುತ್ತಾಗಿ, ತಮ್ಮ ವಾದವನ್ನು ತಮ್ಮ ದೇಹದಲ್ಲೇ ತೋರಿಸಿದರು. 2005ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಆ ಬ್ಯಾಕ್ಟೀರಿಯಾವನ್ನೇ ನಿಮ್ಮ ವರದಿ ಚುಟುಕಾಗಿ ಎಚ್. ಪೈಲೊರಿ ಎಂದು ಬರೆದಿದೆ. ಅದು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಂಡು, ಸುತ್ತಲಿನ ಆಮ್ಲವನ್ನು ತಣಿಸಿಕೊಂಡು, ಜಠರದ ಲೋಳೆಪದರದ ಅಡಿ ಸೇರಿ ವರ್ಷಗಟ್ಟಲೆ ಬದುಕುತ್ತದೆ. ನಿಮ್ಮ ಮಾವನವರ ಕಾಲದಲ್ಲಿ ಚಾಕುವಿನಿಂದ ಆದ ಕೆಲಸವನ್ನು ಇಂದು ಬಹುಮಟ್ಟಿಗೆ ಹದಿನಾಲ್ಕು ದಿನಗಳ ಔಷಧಿ ಮಾಡುತ್ತದೆ.

ಇನ್ನು ರಕ್ತ ಪರೀಕ್ಷೆಯ ವಿಚಾರ. ಅದು ತೋರಿಸುವುದು ಬ್ಯಾಕ್ಟೀರಿಯಾದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಸೋಂಕು ಎಂದೋ ಬಂದು ಹೋಗಿದ್ದರೂ ಪ್ರತಿಕಾಯ ಬಹುಕಾಲ ಉಳಿಯಬಹುದು, ಚಿಕ್ಕ ಮಕ್ಕಳಲ್ಲಿ ಸೋಂಕು ಇದ್ದೂ ಅದು ಕಾಣಿಸದಿರಬಹುದು. ಹೀಗಾಗಿ ಮಕ್ಕಳಲ್ಲಿ ರಕ್ತ ಪರೀಕ್ಷೆಯನ್ನು ನಂಬಿ ಚಿಕಿತ್ಸೆ ಆರಂಭಿಸಬಾರದೆಂದು ಮಕ್ಕಳ ಜಠರ-ಕರುಳು ತಜ್ಞರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಸ್ಪಷ್ಟವಾಗಿ ಹೇಳುತ್ತವೆ. ಆ ಕಾಗದವನ್ನು ಪಕ್ಕಕ್ಕಿಡಿ.

ನಿಮ್ಮ ಮಗನಿಗೆ ಬೇಕಾದದ್ದು ಎಂಡೋಸ್ಕೋಪಿ. ಹೆಸರು ಕೇಳಿ ತಾಯಂದಿರು ಬೆಚ್ಚುವುದನ್ನು ನಾನು ದಿನವೂ ನೋಡುತ್ತೇನೆ. ಮಗುವಿಗೆ ನಿದ್ದೆ ಬರುವ ಔಷಧಿ ಅಥವಾ ಅರಿವಳಿಕೆ ಕೊಟ್ಟು, ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆಯ, ಬಾಗುವ ಕೊಳವೆಯನ್ನು ಬಾಯಿಯ ಮೂಲಕ ಇಳಿಸಿ, ಅನ್ನನಾಳ, ಜಠರ ಮತ್ತು ಡ್ಯುಯೋಡಿನಮ್‌ಗಳನ್ನು ನೋಡುತ್ತಾರೆ. ನೋಡುವ ಕೆಲಸ ಬಹಳ ಹೊತ್ತು ಹಿಡಿಯುವುದಿಲ್ಲ. ಒಳಪದರದ ಕೆಲವು ಸಣ್ಣ ಚೂರುಗಳನ್ನು ತೆಗೆಯುತ್ತಾರೆ. ಮಗುವಿಗೆ ಅದು ನೋಯುವುದಿಲ್ಲ. ಆ ಚೂರುಗಳಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ; ಒಂದು ಚೂರನ್ನು ಯೂರಿಯಾ ಇರುವ ದ್ರಾವಣದಲ್ಲಿ ಹಾಕಿ ಬಣ್ಣ ಬದಲಾಗುವುದೇ ಎಂದು ಪರೀಕ್ಷಿಸುತ್ತಾರೆ; ಸೌಲಭ್ಯವಿದ್ದಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ ಯಾವ ಆಂಟಿಬಯೋಟಿಕ್‌ಗೆ ಅದು ಸಾಯುತ್ತದೆಂದು ತಿಳಿಯುತ್ತಾರೆ. ಮಕ್ಕಳ ಎಂಡೋಸ್ಕೋಪಿ ಎಲ್ಲ ಊರುಗಳಲ್ಲೂ ಸಿಗುವಂಥದ್ದಲ್ಲ. ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ಅಲ್ಲಿನ ಮಕ್ಕಳ ವಿಭಾಗದಲ್ಲಿ ವಿಚಾರಿಸಿ. ಅಗತ್ಯಬಿದ್ದರೆ ಅವರೇ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ ಚೀಟಿ ಬರೆದುಕೊಡುತ್ತಾರೆ.

ಒಂದು ಎಚ್ಚರಿಕೆ. ಆಮ್ಲ ತಗ್ಗಿಸುವ ಪ್ಯಾಂಟಪ್ರಜೋಲ್, ಒಮೆಪ್ರಜೋಲ್‌ನಂಥ ಮಾತ್ರೆಗಳು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಅಡಗಿಸುತ್ತವೆ, ಆಗ ಸೋಂಕಿದ್ದರೂ ಪರೀಕ್ಷೆ ಇಲ್ಲವೆನ್ನಬಹುದು. ಆದ್ದರಿಂದ ಎಂಡೋಸ್ಕೋಪಿಗೆ ಎರಡು ವಾರ ಮೊದಲು ಈ ಮಾತ್ರೆಗಳನ್ನೂ, ನಾಲ್ಕು ವಾರ ಮೊದಲು ಯಾವುದೇ ಆಂಟಿಬಯೋಟಿಕನ್ನೂ ನಿಲ್ಲಿಸಿರಬೇಕು. ಆ ಎರಡು ವಾರ ನೋವು ತಾಳಲಾರದಷ್ಟಾದರೆ, ವಾಂತಿಯಲ್ಲಿ ರಕ್ತ ಕಂಡರೆ ಅಥವಾ ಮಲ ಕಪ್ಪಾದರೆ, ದಿನ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮೊಮ್ಮಗಳಿಗೆ 8 ವರ್ಷ. ಒಂದು ವರ್ಷದಿಂದ ಆಗಾಗ ಹೊಟ್ಟೆನೋವು ಎನ್ನುತ್ತಾಳೆ, ಎಲ್ಲಿ ಎಂದು ಕೇಳಿದರೆ ಹೊಕ್ಕುಳನ್ನೇ ತೋರಿಸುತ್ತಾಳೆ. ಬೆಳಿಗ್ಗೆ ಹೆಚ್ಚು. ಭಾನುವಾರ ಅಷ್ಟಾಗಿ ಇರುವುದಿಲ್ಲ. ಊಟ, ಆಟ, ಬೆಳವಣಿಗೆ ಎಲ್ಲ ಚೆನ್ನಾಗಿವೆ. ಬಟ್ಟಿ ಜಾರಿದೆ ಎಂದು ಹೊಟ್ಟೆ ನೀವಿಸಿದೆವು. ನಂತರ ಒಂದು ಪ್ರಯೋಗಾಲಯದಲ್ಲಿ ಮಲ ಪರೀಕ್ಷೆ ಮಾಡಿಸಿದಾಗ ಎಚ್. ಪೈಲೊರಿ ಇದೆ ಎಂದು ಬಂತು. ಮಗಳು-ಅಳಿಯ ಔಷಧಿ ಶುರು ಮಾಡೋಣ ಎನ್ನುತ್ತಾರೆ. ನನ್ನ ಹೆಂಡತಿ ಬರೆ ಹಾಕಿಸಿದರೆ ಸರಿಹೋಗುತ್ತದೆ ಎನ್ನುತ್ತಾಳೆ. ತಾವು ತಿಳಿಸಬೇಕು.
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಉತ್ತರ: ಮೇಷ್ಟ್ರೇ, ಬರೆ ಖಂಡಿತ ಬೇಡ. ಸುಟ್ಟ ಗಾಯ ಕೀವಾಗಿ ನಂಜೇರಿದ ಮಕ್ಕಳನ್ನು ನೋಡಿದವಳು ನಾನು. ತಮ್ಮ ಮನೆಯವರಿಗೆ ನನ್ನ ಈ ಮಾತನ್ನು ಕೈಮುಗಿದು ಕೇಳಿಕೊಂಡಂತೆ ತಿಳಿಸಿ. ಆಂಟಿಬಯೋಟಿಕ್ ಕೂಡ ಈಗ ಬೇಡ. ಎರಡನೆಯ ಮಾತು ತಮಗೆ ಅಚ್ಚರಿ ತಂದೀತು, ಆದ್ದರಿಂದ ವಿವರಿಸುತ್ತೇನೆ.

ಎಚ್. ಪೈಲೊರಿ ಜಗತ್ತಿನ ಅತಿ ಸಾಮಾನ್ಯ ಸೋಂಕುಗಳಲ್ಲಿ ಒಂದು. ಬಹುಕಾಲದ ಅಂದಾಜಿನಂತೆ ಮನುಷ್ಯರಲ್ಲಿ ಸುಮಾರು ಅರ್ಧದಷ್ಟು ಜನರ ಜಠರದಲ್ಲಿ ಅದು ಇದೆ, ಅವರಲ್ಲಿ ಹೆಚ್ಚಿನವರಿಗೆ ಅದು ಬಂದದ್ದು ಬಾಲ್ಯದಲ್ಲೇ. ಬ್ಯಾಕ್ಟೀರಿಯಾ ಇದ್ದವರಲ್ಲಿ ಬಹುಪಾಲು ಮಂದಿಗೆ ಜೀವಮಾನವಿಡೀ ಯಾವ ತೊಂದರೆಯೂ ಆಗುವುದಿಲ್ಲ. ಹೀಗಿರುವಾಗ ನಮ್ಮ ಕಡೆಯ ಯಾವ ಶಾಲೆಗೆ ಹೋಗಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೂ, ಹೊಟ್ಟೆನೋವು ಇರುವವರಲ್ಲೂ ಇಲ್ಲದವರಲ್ಲೂ ಅದು ಸಿಕ್ಕೀತು. ನೋವೂ ಇದೆ, ಬ್ಯಾಕ್ಟೀರಿಯಾವೂ ಇದೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಬಂದಿತೆಂದು ಹೇಳಲಾಗದು. ಹುಣ್ಣಿಲ್ಲದ ಮಗುವಿನಲ್ಲಿ ಬ್ಯಾಕ್ಟೀರಿಯಾವನ್ನು ಕೊಂದರೂ ಹೊಟ್ಟೆನೋವು ನೀಗುವುದೆಂಬ ಭರವಸೆ ಇಲ್ಲ. ಆ ಕಾರಣಕ್ಕೇ ಎಚ್ಚರಿಕೆಯ ಲಕ್ಷಣಗಳಿಲ್ಲದ ಹೊಟ್ಟೆನೋವಿನಲ್ಲಿ ಮಕ್ಕಳಿಗೆ ಈ ಪರೀಕ್ಷೆಯನ್ನೇ ಮಾಡಿಸಬೇಡಿ ಎಂದು ತಜ್ಞರು ಹೇಳುತ್ತಾರೆ. ಮಾಡಿಸಿದ ಮೇಲೆ ಬಂದ ಉತ್ತರ ಮನೆಯವರ ನೆಮ್ಮದಿ ಕೆಡಿಸುತ್ತದೆಯೇ ಹೊರತು ಮಗುವಿಗೆ ದಾರಿ ತೋರಿಸುವುದಿಲ್ಲ. ಎರಡು ಮೂರು ಔಷಧಿಗಳನ್ನು ಎರಡು ವಾರ ನುಂಗುವುದು ಎಂಟು ವರ್ಷದ ಮಗುವಿಗೆ ಸುಲಭದ ಮಾತೂ ಅಲ್ಲ.

ಹಾಗಾದರೆ ನೋವು ಸುಳ್ಳೇ? ಅಲ್ಲವೇ ಅಲ್ಲ. ಕರುಳು ಮತ್ತು ಮೆದುಳಿನ ನಡುವೆ ನರಗಳ ಒಡನಾಟ ಸದಾ ನಡೆಯುತ್ತಿರುತ್ತದೆ. ಕೆಲವು ಮಕ್ಕಳಲ್ಲಿ ಕರುಳಿನ ಸಹಜ ಚಲನೆಯೇ ನೋವಾಗಿ ಅರಿವಿಗೆ ಬರುತ್ತದೆ, ಆತಂಕ ಅದನ್ನು ಹಿಗ್ಗಿಸುತ್ತದೆ. ಹೊಕ್ಕುಳ ಸುತ್ತ ನೋವು, ರಾತ್ರಿ ನಿದ್ದೆಗೆ ಭಂಗವಿಲ್ಲ, ತೂಕ-ಎತ್ತರ ಸರಿಯಾಗಿವೆ, ರಜೆಯ ದಿನ ಕಡಿಮೆ: ಇವು ಆ ಬಗೆಯ ನೋವಿನ ಗುರುತುಗಳು. ಬಟ್ಟಿ ಜಾರುವುದೆಂಬ ಒಂದು ಸ್ಥಿತಿ ದೇಹರಚನೆಯಲ್ಲಿ ಇಲ್ಲ. ಅಜ್ಜಿಯ ಕೈ ಮೃದುವಾಗಿ ಹೊಟ್ಟೆ ಸವರಿದರೆ ಮಗುವಿಗೆ ಹಿತವೆನಿಸಬಹುದು, ಬಲವಾಗಿ ನೀವುವುದು ಬೇಡ.

ತಾವು ಶಿಕ್ಷಕರಾಗಿದ್ದವರು, ಮಗುವಿನ ಮುಖ ಓದಬಲ್ಲಿರಿ. ಶಾಲೆಯಲ್ಲಿ ಯಾರಾದರೂ ಗದರಿಸುತ್ತಾರೆಯೇ, ಶೌಚಾಲಯಕ್ಕೆ ಹೋಗಲು ಹಿಂಜರಿಯುತ್ತಾಳೆಯೇ, ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಮಲವಿಸರ್ಜನೆ ಮಾಡದೆ ಓಡುತ್ತಾಳೆಯೇ ಎಂದು ವಿಚಾರಿಸಿ. ಶಾಲೆಯ ಮಕ್ಕಳಲ್ಲಿ ನಾನು ಕಾಣುವ ಹೊಟ್ಟೆನೋವಿಗೆ ಮಲಬದ್ಧತೆ ಬಹು ದೊಡ್ಡ ಕಾರಣ. ಹದಿನೈದು ನಿಮಿಷ ಬೇಗ ಎಬ್ಬಿಸಿ, ಬೆಚ್ಚಗಿನ ನೀರು ಕುಡಿಸಿ, ತಿಂಡಿಯ ನಂತರ ಶೌಚಾಲಯದಲ್ಲಿ ನೆಮ್ಮದಿಯಾಗಿ ಕೂರಲು ಬಿಡಿ. ಸೊಪ್ಪು, ತರಕಾರಿ, ಕಾಳು, ರಾಗಿ ಊಟದಲ್ಲಿರಲಿ. ಜಂತುಹುಳುವಿನ ಮಾತ್ರೆಯನ್ನು ಶಾಲೆಯಲ್ಲಿ ಕೊಟ್ಟಾಗ ತಪ್ಪಿಸಬೇಡಿ. ನೋವೆಂದಾಗ ಗಾಬರಿ ತೋರಿಸದೆ, ನಂಬದವರಂತೆಯೂ ನಡೆದುಕೊಳ್ಳದೆ, ಸ್ವಲ್ಪ ಹೊತ್ತು ಮಲಗಿಸಿ ಮತ್ತೆ ಶಾಲೆಗೆ ಕಳುಹಿಸಿ. ಆದರೆ ನೋವು ರಾತ್ರಿ ಎಬ್ಬಿಸತೊಡಗಿದರೆ, ತೂಕ ಇಳಿದರೆ ಅಥವಾ ಬೆಳವಣಿಗೆ ನಿಂತರೆ, ಪದೇ ಪದೇ ವಾಂತಿಯಾದರೆ, ನುಂಗಲು ಕಷ್ಟವಾದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದ ಜ್ವರ ಬರುತ್ತಿದ್ದರೆ, ನಾನು ಇಲ್ಲಿ ಬರೆದದ್ದನ್ನೆಲ್ಲ ಬದಿಗಿಟ್ಟು ಮಕ್ಕಳ ವೈದ್ಯರ ಬಳಿ ಕರೆದೊಯ್ಯಿರಿ.

ಪ್ರಶ್ನೆ: ನಾನು ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಮುಟ್ಟಿನ ನೋವಿಗೆ ಮತ್ತು ತಲೆನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತೇನೆ. ಪರೀಕ್ಷೆ ಹತ್ತಿರ ಬಂದ ಮೇಲೆ ವಾರದಲ್ಲಿ ನಾಲ್ಕೈದು ದಿನ ನುಂಗಿದ್ದೂ ಇದೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕಾಫಿಯ ಜೊತೆ. ಹದಿನೈದು ದಿನದಿಂದ ಹೊಟ್ಟೆ ಮೇಲ್ಭಾಗ ಉರಿಯುತ್ತದೆ. ಮೂರು ದಿನದಿಂದ ಮಲ ಡಾಂಬರಿನಂತೆ ಕಪ್ಪಾಗಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಮನೆಯಲ್ಲಿ ಹೇಳಿಲ್ಲ.
– ಒಬ್ಬ ವಿದ್ಯಾರ್ಥಿನಿ

ಉತ್ತರ: ಈ ಪತ್ರಕ್ಕೆ ಮುದ್ರಣದವರೆಗೆ ಕಾಯಲಿಲ್ಲ. ಪತ್ರದಲ್ಲಿದ್ದ ದೂರವಾಣಿಗೆ ಅಂದೇ ಕರೆ ಮಾಡಿದೆ. ಅಂದೇ ಆಕೆ ವಾರ್ಡನ್ ಜೊತೆ ಆಸ್ಪತ್ರೆಗೆ ಹೋದಳು. ಜಠರದಲ್ಲಿ ಎರಡು ಹುಣ್ಣುಗಳಿದ್ದವು, ರಕ್ತ ಜಿನುಗುತ್ತಿತ್ತು. ಈಗ ಆರಾಮವಾಗಿದ್ದಾಳೆ. ಅವಳ ಒಪ್ಪಿಗೆಯಿಂದ, ಅವಳಂಥ ಬೇರೆ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮಗಳೇ, ಮೆಫೆನಾಮಿಕ್ ಆಮ್ಲ, ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಇವೆಲ್ಲ ಒಂದೇ ಗುಂಪಿನ ಮಾತ್ರೆಗಳು. ನೋವು ಉಂಟುಮಾಡುವ ರಾಸಾಯನಿಕಗಳನ್ನು ಇವು ತಡೆಯುತ್ತವೆ, ಆದರೆ ಅದೇ ಬಗೆಯ ರಾಸಾಯನಿಕಗಳು ಜಠರದ ಒಳಪದರಕ್ಕೆ ಲೋಳೆಯ ರಕ್ಷಣೆ ಕೊಡುತ್ತಿರುತ್ತವೆ. ರಕ್ಷಣೆ ತೆಳುವಾದಾಗ ಆಮ್ಲ ಒಳಪದರವನ್ನು ಕೊರೆಯುತ್ತದೆ. ಎಚ್. ಪೈಲೊರಿಯೂ ಇದ್ದರೆ ಅಪಾಯ ಇನ್ನಷ್ಟು ಏರುತ್ತದೆ. ಮುಟ್ಟಿನ ನೋವಿಗೆ ಈ ಮಾತ್ರೆಗಳು ಒಳ್ಳೆಯ ಔಷಧಿಯೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ; ವೈದ್ಯರು ಹೇಳಿದ ಪ್ರಮಾಣದಲ್ಲಿ, ಊಟವಾದ ಮೇಲೆ, ಎರಡು ಮೂರು ದಿನ ತೆಗೆದುಕೊಂಡರೆ ಹೆಚ್ಚಿನವರಿಗೆ ತೊಂದರೆಯಾಗದು. ಆದರೆ ನೋವು ಪ್ರತಿ ತಿಂಗಳೂ ಓದು ಕೆಡಿಸುವಷ್ಟಿದ್ದರೆ ಅದಕ್ಕೆ ಸ್ತ್ರೀರೋಗ ತಜ್ಞರನ್ನು ಕಾಣುವುದರಲ್ಲಿ ನಾಚಿಕೆಯೇನೂ ಇಲ್ಲ. ತಲೆನೋವಿಗೆ ಸರಿಯಾದ ಪ್ರಮಾಣದ ಪ್ಯಾರಾಸಿಟಮಾಲ್ ಹೊಟ್ಟೆಯ ಮಟ್ಟಿಗೆ ಸುರಕ್ಷಿತ. ನಿನಗಂತೂ ಈಗ ಹುಣ್ಣಾಗಿರುವುದರಿಂದ ಆ ಗುಂಪಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮತ್ತೆ ಮುಟ್ಟಬಾರದು.

ಮಲ ಕಪ್ಪಾಗುವುದರ ಬಗ್ಗೆ ಒಂದು ಮಾತು. ಶಾಲೆ-ಕಾಲೇಜಿನಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಗಾಗುತ್ತದೆ; ಅದು ಗಟ್ಟಿಯಾಗಿರುತ್ತದೆ, ಅದಕ್ಕೆ ಹೆದರಿ ಆ ಮಾತ್ರೆಯನ್ನು ಬಿಡಬೇಡಿ. ರಕ್ತಸ್ರಾವದಿಂದ ಕಪ್ಪಾದ ಮಲ ಅಂಟಂಟಾಗಿ, ಹೊಳಪಾಗಿ, ವಿಚಿತ್ರ ದುರ್ವಾಸನೆಯಿಂದ ಕೂಡಿರುತ್ತದೆ, ಜೊತೆಗೆ ತಲೆ ಸುತ್ತು, ಎದೆಬಡಿತ, ಬಿಳಿಚಿದ ಮುಖ ಇರಬಹುದು. ವಾಂತಿಯಲ್ಲಿ ಕಾಫಿಪುಡಿಯಂಥ ಚರಟ ಬಂದರೂ ಅದು ರಕ್ತವೇ. ಹಾಗಾದಾಗ ಬೆಳಗಾಗಲಿ ಎನ್ನಬೇಡಿ, 108ಕ್ಕೆ ಕರೆ ಮಾಡಿ. ದಾವಣಗೆರೆಯಲ್ಲಿರುವವರು ಚಿಗಟೇರಿ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅಥವಾ ಹತ್ತಿರದ ಯಾವುದೇ ದೊಡ್ಡ ಆಸ್ಪತ್ರೆಗೆ ರಾತ್ರಿಯಲ್ಲೇ ಹೋಗಿ. ಮನೆಯವರು ಬೈದಾರೆಂಬ ಭಯ ಆ ಹೊತ್ತಿಗೆ ದೊಡ್ಡದಲ್ಲ.

ಮೊಡವೆಗೆಂದು ಡಾಕ್ಸಿಸೈಕ್ಲಿನ್ ಗುಳಿಗೆ ನುಂಗುವ ಹದಿಹರೆಯದವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಗುಳಿಗೆ ಅನ್ನನಾಳದಲ್ಲೇ ಅಂಟಿ ಅಲ್ಲಿ ಹುಣ್ಣು ಮಾಡಬಹುದು. ತುಂಬಿದ ಲೋಟ ನೀರು ಕುಡಿದು, ಅರ್ಧ ಗಂಟೆಯಾದರೂ ಮಲಗದೆ ಇರಿ.

ಪ್ರಶ್ನೆ: 13 ವರ್ಷದ ಮಗಳಿಗೆ ರಕ್ತಹೀನತೆ. ಆರು ತಿಂಗಳು ಕಬ್ಬಿಣಾಂಶದ ಮಾತ್ರೆ ಕೊಟ್ಟರೂ ಹಿಮೋಗ್ಲೋಬಿನ್ 8ರ ಆಸುಪಾಸಿನಲ್ಲೇ ಇದೆ. ಹೊಟ್ಟೆನೋವು ಇಲ್ಲ. ಜಠರದ ಸೋಂಕು ಇದಕ್ಕೆ ಕಾರಣವಾಗಬಹುದೇ?
– ಒಬ್ಬ ತಂದೆ, ಹಿರಿಯೂರು

ಉತ್ತರ: ಆಗಬಹುದು, ಆದರೆ ಅದು ಸಾಲಿನ ಕೊನೆಯಲ್ಲಿ ನಿಲ್ಲುವ ಕಾರಣ. ಮಾತ್ರೆ ನಿಜವಾಗಿ ಹೊಟ್ಟೆ ಸೇರುತ್ತಿದೆಯೇ, ಊಟವಾದ ತಕ್ಷಣ ಚಹಾ ಕುಡಿಯುತ್ತಾಳೆಯೇ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದೆಯೇ, ಬರಿಗಾಲಿನಲ್ಲಿ ಹೊಲದಲ್ಲಿ ಓಡಾಡಿ ಕೊಕ್ಕೆಹುಳು ಸೇರಿದೆಯೇ, ಗೋಧಿ ಒಗ್ಗದ ಕಾಯಿಲೆ ಇದೆಯೇ, ಹುಟ್ಟಿನಿಂದ ಬಂದ ರಕ್ತದೋಷವಿದೆಯೇ ಎಂದು ಮೊದಲು ನೋಡಬೇಕು. ಇವೆಲ್ಲ ಇಲ್ಲವೆಂದಾದ ಮೇಲೂ ಕಬ್ಬಿಣಾಂಶಕ್ಕೆ ಜಗ್ಗದ ರಕ್ತಹೀನತೆ ಉಳಿದರೆ, ಎಂಡೋಸ್ಕೋಪಿ ಮಾಡಿಸುವಾಗ ಎಚ್. ಪೈಲೊರಿಯನ್ನೂ ಹುಡುಕುವುದು ಸರಿಯಾದ ಕ್ರಮ. ನೋವಿಲ್ಲದೆ ರಕ್ತ ಜಿನುಗುವ ಹುಣ್ಣುಗಳೂ ಇರುತ್ತವೆ ಎಂಬುದು ನೆನಪಿರಲಿ.

ಪ್ರಶ್ನೆ: ಇದು ನೀರಿನಿಂದ ಬರುತ್ತದೆಯೇ? ಮನೆಯಲ್ಲಿ ಒಬ್ಬರಿಗೆ ಇದ್ದರೆ ಎಲ್ಲರಿಗೂ ಪರೀಕ್ಷೆ ಬೇಕೇ? ಕ್ಯಾನ್ಸರ್ ಆಗುತ್ತದೆ ಎಂದು ಕೇಳಿ ನಿದ್ದೆ ಬರುತ್ತಿಲ್ಲ.
– ಒಬ್ಬ ಗೃಹಿಣಿ, ಜಗಳೂರು

ಉತ್ತರ: ಹೆಚ್ಚಾಗಿ ಮನೆಯೊಳಗೇ, ಹಿರಿಯರಿಂದ ಕಿರಿಯರಿಗೆ, ಅದರಲ್ಲೂ ತಾಯಿಯಿಂದ ಮತ್ತು ಒಡಹುಟ್ಟಿದವರಿಂದ ಮಗುವಿಗೆ ಬರುತ್ತದೆ, ವಾಂತಿ, ಜೊಲ್ಲು, ಮಲ ತಾಗಿದ ಕೈ ಇದರ ದಾರಿಗಳು. ಕೊಳಚೆ ಬೆರೆತ ನೀರೂ ಒಂದು ದಾರಿಯಾಗಬಹುದು. ಜಗಳೂರಿನಂಥ ಕಡೆ ನೀರನ್ನು ಡ್ರಮ್ಮುಗಳಲ್ಲಿ ದಿನಗಟ್ಟಲೆ ತುಂಬಿಡುವ ಅನಿವಾರ್ಯತೆ ನನಗೆ ಗೊತ್ತು. ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿ ಮುಚ್ಚಿಡಿ, ಲೋಟ ಅದ್ದುವ ಬದಲು ನಲ್ಲಿ ಇರುವ ಪಾತ್ರೆ ಬಳಸಿ. ನೀರಿನಲ್ಲಿ ಫ್ಲೋರೈಡ್ ಇದ್ದರೆ ಅದು ಮಾತ್ರ ಕುದಿಸಿದರೆ ಹೋಗುವುದಿಲ್ಲ, ಅದಕ್ಕೆ ಶುದ್ಧೀಕರಣ ಘಟಕದ ನೀರೇ ಬೇಕು. ಕೂಸಿಗೆ ಮುದ್ದೆ-ಅನ್ನವನ್ನು ದೊಡ್ಡವರು ಬಾಯಲ್ಲಿ ಅಗಿದು ತಿನ್ನಿಸುವ ರೂಢಿ ಬಿಡಿ. ಕೈಯಲ್ಲಿ ಮಿದಿದು ಕೊಟ್ಟರೆ ಸಾಕು. ಶೌಚದ ನಂತರ, ಅಡುಗೆಗೆ ಮೊದಲು, ಉಣಿಸುವ ಮೊದಲು ಸೋಪಿನಿಂದ ಕೈ ತೊಳೆಯಿರಿ.

ಆರೋಗ್ಯವಾಗಿರುವ ಮಕ್ಕಳಿಗೆ ಪರೀಕ್ಷೆ ಬೇಡ. ಮನೆಯ ದೊಡ್ಡವರಲ್ಲಿ ಯಾರಿಗಾದರೂ ಬಹುದಿನದ ಹೊಟ್ಟೆಯುರಿ ಇದ್ದರೆ ಅಥವಾ ಹತ್ತಿರದ ರಕ್ತಸಂಬಂಧಿಗೆ ಜಠರದ ಕ್ಯಾನ್ಸರ್ ಆಗಿದ್ದರೆ ಅವರು ತಮ್ಮ ವೈದ್ಯರನ್ನು ಕಾಣಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಈ ಬ್ಯಾಕ್ಟೀರಿಯಾವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಸೋಂಕಿತರಲ್ಲಿ ಕ್ಯಾನ್ಸರ್ ಆಗುವವರು ಬಹಳ ಕಡಿಮೆ, ಅದಕ್ಕೂ ದಶಕಗಳು ಬೇಕು. ಮಕ್ಕಳಲ್ಲಿ ಜಠರದ ಕ್ಯಾನ್ಸರ್ ಅತ್ಯಂತ ಅಪರೂಪ. ನೀವು ನೆಮ್ಮದಿಯಿಂದ ನಿದ್ದೆ ಮಾಡಿ, ತಾಯಿ.

ಪ್ರಶ್ನೆ: 12 ವರ್ಷದ ಮಗನಿಗೆ ಎಂಡೋಸ್ಕೋಪಿಯಲ್ಲಿ ಡ್ಯುಯೋಡಿನಮ್‌ನ ಹುಣ್ಣು, ಎಚ್. ಪೈಲೊರಿ ಎರಡೂ ಕಂಡವು. 14 ದಿನಕ್ಕೆ ಮೂರು ಬಗೆಯ ಮಾತ್ರೆ ಬರೆದುಕೊಟ್ಟರು. ಬಾಯಿ ಕಹಿ, ಭೇದಿ ಎಂದು ಆರನೆಯ ದಿನಕ್ಕೆ ನಿಲ್ಲಿಸಿದೆವು. ನೋವು ಪೂರ್ತಿ ಹೋಗಿದೆ. ಉಳಿದ ಮಾತ್ರೆಗಳನ್ನು ಹೊಟ್ಟೆನೋವೆನ್ನುವ ತಂಗಿಗೆ ಕೊಡಬಹುದೇ?
– ಅಡಿಕೆ ಬೆಳೆಗಾರರು, ಚನ್ನಗಿರಿ

ಉತ್ತರ: ತಂಗಿಗೆ ಒಂದು ಮಾತ್ರೆಯನ್ನೂ ಕೊಡಬೇಡಿ. ಅವಳ ತೂಕ ಬೇರೆ, ನೋವಿನ ಕಾರಣವೂ ಬೇರೆ ಇರಬಹುದು.

ಮಗನ ನೋವು ಹೋದದ್ದು ಆಮ್ಲ ತಗ್ಗಿಸುವ ಮಾತ್ರೆಯಿಂದ. ಬ್ಯಾಕ್ಟೀರಿಯಾ ಆರು ದಿನದಲ್ಲಿ ಸತ್ತಿತೆಂದು ನಂಬಲು ಆಧಾರವಿಲ್ಲ. ಅರ್ಧ ಔಷಧಿ ಕಂಡು ಬದುಕುಳಿದವುಗಳು ಅದೇ ಔಷಧಿಗೆ ಮುಂದೆ ಜಗ್ಗದಂತಾಗಬಹುದು. ನಮ್ಮ ದೇಶದಲ್ಲಿ ಮೆಟ್ರೊನಿಡಜೋಲ್‌ಗೆ ಜಗ್ಗದ ತಳಿಗಳು ಈಗಾಗಲೇ ಸಾಮಾನ್ಯ, ಕ್ಲಾರಿಥ್ರೊಮೈಸಿನ್‌ಗೆ ಜಗ್ಗದವೂ ಇವೆ. ಅದಕ್ಕಾಗಿಯೇ ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಎರಡು ಆಂಟಿಬಯೋಟಿಕ್‌ಗಳನ್ನು, ಮಗುವಿನ ತೂಕ ನೋಡಿ ಸಾಕಷ್ಟು ದೊಡ್ಡ ಪ್ರಮಾಣದಲ್ಲಿ, ಒಂದು ಹೊತ್ತೂ ತಪ್ಪದಂತೆ ಕೊಡುತ್ತೇವೆ. ಹತ್ತು ಡೋಸಿನಲ್ಲಿ ಒಂದಕ್ಕಿಂತ ಹೆಚ್ಚು ತಪ್ಪಿದರೆ ಸೋಲುವ ಸಂಭವ ಏರುತ್ತದೆ. ಇದನ್ನು ಔಷಧಿ ಬರೆದ ದಿನವೇ ಮಗುವಿಗೂ ನಿಮಗೂ ಬಿಡಿಸಿ ಹೇಳಬೇಕಿತ್ತು. ಬಾಯಿ ಕಹಿಯಾಗುತ್ತದೆ, ಮಲ ಸ್ವಲ್ಪ ಸಡಿಲವಾಗುತ್ತದೆ, ಅದು ತಾತ್ಕಾಲಿಕ ಎಂದು ಮೊದಲೇ ತಿಳಿದಿದ್ದರೆ ನೀವು ನಿಲ್ಲಿಸುತ್ತಿರಲಿಲ್ಲ. ವೈದ್ಯರಾದ ನಾವು ಸರದಿ ಉದ್ದವಿದೆ ಎಂದು ಈ ಐದು ನಿಮಿಷವನ್ನು ಉಳಿಸುತ್ತೇವೆ, ಅದರ ಬೆಲೆಯನ್ನು ಮಗು ತೆರುತ್ತದೆ. ಆ ಬಗ್ಗೆ ನನಗೆ ನೋವಿದೆ.

ನಿಂತಲ್ಲಿಂದ ನೀವಾಗಿಯೇ ಮುಂದುವರಿಸಬೇಡಿ. ಅದೇ ವೈದ್ಯರ ಬಳಿ ಹೋಗಿ, ಎಷ್ಟು ದಿನ ಕೊಟ್ಟಿರಿ, ಯಾಕೆ ನಿಲ್ಲಿಸಿದಿರಿ ಎಂದು ಮುಚ್ಚಿಡದೆ ಹೇಳಿ. ಅವರು ಬೇರೆ ಔಷಧಿಗಳಿಂದ ಹೊಸದಾಗಿ ಆರಂಭಿಸಬಹುದು. ಆಂಟಿಬಯೋಟಿಕ್‌ಗಳನ್ನು ಊಟದ ನಂತರ ಕೊಡುವುದು, ಭೇದಿಯಾದರೆ ಮಜ್ಜಿಗೆ-ಅನ್ನ ಮತ್ತು ಓಆರ್‌ಎಸ್ ಕೊಡುವುದು, ಗೋಡೆಯ ಕ್ಯಾಲೆಂಡರಿನಲ್ಲಿ ಮಗನ ಕೈಯಿಂದಲೇ ಪ್ರತಿ ಡೋಸಿಗೆ ಗುರುತು ಹಾಕಿಸುವುದು ನನ್ನ ಅನುಭವದಲ್ಲಿ ಫಲ ಕೊಟ್ಟ ಉಪಾಯಗಳು. ಮೈಯಲ್ಲಿ ದದ್ದು ಎದ್ದರೆ, ಮುಖ ಊದಿದರೆ, ಉಸಿರಾಡಲು ಕಷ್ಟವಾದರೆ ಅಥವಾ ಮಲದಲ್ಲಿ ರಕ್ತ ಬಂದರೆ ಮಾತ್ರ ಔಷಧಿ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು.

ಚಿಕಿತ್ಸೆ ಮುಗಿದ ಮೇಲೆ ಇನ್ನೊಂದು ಹಂತವಿದೆ, ಬಹುತೇಕ ಮನೆಗಳಲ್ಲಿ ಅದು ಬಿಟ್ಟುಹೋಗುತ್ತದೆ. ಆರರಿಂದ ಎಂಟು ವಾರಗಳ ನಂತರ, ಆಮ್ಲ ತಗ್ಗಿಸುವ ಮಾತ್ರೆ ನಿಲ್ಲಿಸಿ ಎರಡು ವಾರವಾದರೂ ಆಗಿರುವಾಗ, ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಖಾತ್ರಿಪಡಿಸಿಕೊಳ್ಳಬೇಕು. ಇದಕ್ಕೆ ಮತ್ತೆ ಕೊಳವೆ ಇಳಿಸಬೇಕಾಗಿಲ್ಲ. ಮಲದಲ್ಲಿ ಬ್ಯಾಕ್ಟೀರಿಯಾದ ಅಂಶವನ್ನು ಹುಡುಕುವ ಪರೀಕ್ಷೆ ಸಾಕು, ಅಥವಾ ಉಸಿರಿನ ಪರೀಕ್ಷೆ ಮಾಡಬಹುದು. ಉಸಿರಿನ ಪರೀಕ್ಷೆಯಲ್ಲಿ ಗುರುತು ಹಾಕಿದ ಕಾರ್ಬನ್ ಇರುವ ಯೂರಿಯಾ ಬೆರೆಸಿದ ಪಾನೀಯವನ್ನು ಮಗು ಕುಡಿಯುತ್ತದೆ. ಬ್ಯಾಕ್ಟೀರಿಯಾ ಉಳಿದಿದ್ದರೆ ಅದರ ಕಿಣ್ವ ಯೂರಿಯಾವನ್ನು ಒಡೆಯುತ್ತದೆ, ಆ ಕಾರ್ಬನ್ ಅರ್ಧ ಗಂಟೆಯೊಳಗೆ ಉಸಿರಿನಲ್ಲಿ ಕಾಣಿಸಿಕೊಳ್ಳುತ್ತದೆ. ಮಕ್ಕಳಿಗೆ ವಿಕಿರಣವಿಲ್ಲದ ಕಾರ್ಬನ್-13 ಬಳಸುವ ಪರೀಕ್ಷೆಯೇ ಸೂಕ್ತ. ಕಾರ್ಬನ್-14 ವಿಕಿರಣಶೀಲವಾದ್ದರಿಂದ ಯಾವುದು ಎಂದು ಮೊದಲೇ ಕೇಳಿಕೊಳ್ಳಿ. ಎಂಡೋಸ್ಕೋಪಿಯ ವರದಿ, ಮೊದಲು ಬರೆದುಕೊಟ್ಟ ಚೀಟಿ ಮತ್ತು ಉಳಿದ ಮಾತ್ರೆಗಳ ಪಟ್ಟಿ, ಈ ಮೂರನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಈ ವಾರದೊಳಗೆ ಮಗನನ್ನು ಕರೆದುಕೊಂಡು ಹೋಗಿ.